ಯಾರೂ ನೀರಿಗೆ ಹಾರಲಿಲ್ಲ

“ಇನ್ನೂ ಎಷ್ಟೊತ್ತು ಹಾಗೇ ಬಗ್ಗಿರ್ತೀರಿ ಸಾಹೇಬ್ರೆ? ನಡು ಹಿಡ್ಕೊಂಡ್ರೆ ಆಮೇಲೆ ನಮ್ಮಂಗಡಿ ಮುಂದೇನೇ ಹಿಡ್ಕೊಳ್ತು ಅಂತ ಊರೆಲ್ಲ ಸಾರ್ತೀರಿ,” ಎಂದು ಚಿಗುಸಾ ಬಾಣಲೆಯಲ್ಲಿದ್ದ ಮೀನಿನ ವಡೆಗಳನ್ನು ಮಗುಚಿ ಹಾಕಿದಳು.

ಕುನಿಹಿಕೊ ತಲೆ ಎತ್ತಲಿಲ್ಲ. ಉಶಿಬಾ ಪುರಸಭೆಯ ಪ್ರವಾಸ ವಿಭಾಗಕ್ಕೆ ಮುಖ್ಯಸ್ಥನಾದ ಮೇಲೆ ಬಗ್ಗುವುದನ್ನು ಅವನು ಚೆನ್ನಾಗಿ ಕಲಿತಿದ್ದ. ಬಗ್ಗಿದಾಗ ನೆತ್ತಿಯ ಕೂದಲು ತೆಳ್ಳಗಾಗಿರುವುದು ಕಾಣುತ್ತಿತ್ತು. ಈ ನೆತ್ತಿಗಾಗಿ ಒಂದು ಕಾಲಕ್ಕೆ ತಾನು ನಿದ್ದೆಗೆಟ್ಟಿದ್ದೆನಲ್ಲ ಎಂದು ಚಿಗುಸಾಗೆ ತನ್ನ ಮೇಲೇ ಸಿಟ್ಟು ಬಂತು.

“ಮೂರೇ ದಿನ ಚಿಗುಸಾ. ನಿನ್ನಂಗಡಿ, ಆಮೇಲೆ ಎದುರಿಗಿರೋ ಬಂದರು ಕಟ್ಟೆ ಮೆಟ್ಟಿಲು. ಅಷ್ಟೇ ಕೇಳ್ತಿರೋದು ಸಿನಿಮಾದೋರು. ಊರಿಗೆ ಒಳ್ಳೇದಾಗತ್ತೆ.”

“ಊರಿಗೆ ಒಳ್ಳೇದಾಗಿ ಆಗೀನೇ ನಾನು ಸ್ಟೇಷನ್ನಲ್ಲಿ ರಟ್ಟಿನ ಗೊಂಬೆಯಾಗಿ ನಿಂತಿರೋದು. ಇನ್ನೇನು ಒಳ್ಳೇದಾಗ್ಬೇಕು?”

“ಅದು ನೀನಲ್ಲ ಅಂತ ಎಷ್ಟ್ ಸಲ ಹೇಳೋದು. ಅದು ಇಸೊಕೊ. ಕತೇಲಿ ಬರೋ ಪಾತ್ರ.”

ಪಾತ್ರವಂತೆ. ಹದಿನಾಲ್ಕು ಸಂಪುಟ ಓಡಿದ ಆ ಮಾಂಗಾವನ್ನು, ಆ ನಗೆಪ್ರೇಮದ ಚಿತ್ರಕಥೆಯನ್ನು, ಬರೆದು ಚಿತ್ರ ಬಿಡಿಸಿದವಳು ಇದೇ ಊರಿನ ಫುಮಿನೊ. ಶಾಲೆಯಲ್ಲಿ ಚಿಗುಸಾಳ ಪಕ್ಕದಲ್ಲೇ ಕೂರುತ್ತಿದ್ದವಳು, ಅವಳ ಡಬ್ಬಿಯಿಂದ ದಿನವೂ ವಡೆ ಕದ್ದು ತಿನ್ನುತ್ತಿದ್ದವಳು. ಕಥೆಯಲ್ಲಿ ಬಂದರಿನ ಒಬ್ಬ ಚೆಂದದ ಹುಡುಗನಿದ್ದಾನೆ. ಅವನಿಗೆ ಸಿಗಲೇಬೇಕಾದ ಒಬ್ಬ ಸುಂದರ ನಾಯಕಿ ಇದ್ದಾಳೆ. ಸಿಗಲೇಬಾರದ ಇಸೊಕೊ ಎಂಬವಳೂ ಇದ್ದಾಳೆ. ಇಸೊಕೊ ಮೀನಿನ ವಡೆ ಅಂಗಡಿಯವರ ಮಗಳು. ಅವಳು ಬಂದಾಗೆಲ್ಲ ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ, ಓದುಗರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಪುಸ್ತಕವಾಗಿದ್ದು ಟೀವಿಯಲ್ಲಿ ಕಾರ್ಟೂನಾಯಿತು, ಈಗ ಮನುಷ್ಯರನ್ನೇ ಹಾಕಿ ಸಿನಿಮಾ ಮಾಡುತ್ತಿದ್ದಾರೆ. ಪ್ರತಿ ಭಾನುವಾರ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ರೈಲಿಳಿದು ಬಂದು ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ನಗಲಿ ಬಿಡಿ, ನಗುವುದನ್ನು ಚಿಗುಸಾ ಹೇಗೋ ನುಂಗಿಕೊಂಡಿದ್ದಳು. ಅವಳು ಮಾಡಿದ್ದೂ ನಗುವಂಥ ಕೆಲಸವೇ. ಹದಿನೇಳನೆಯ ವಯಸ್ಸಿನ ಫೆಬ್ರವರಿಯಲ್ಲಿ, ಮಿಕ್ಕ ಹುಡುಗಿಯರೆಲ್ಲ ತಾವು ಮೆಚ್ಚಿದ ಹುಡುಗರಿಗೆ ಚಾಕೊಲೇಟು ಕೊಡುವ ದಿನ, ಅವಳು ಕುನಿಹಿಕೊನಿಗಾಗಿ ಹೃದಯದ ಆಕಾರದಲ್ಲಿ ಮೀನಿನ ವಡೆ ಕರಿದು ಗುಲಾಬಿ ಕಾಗದದಲ್ಲಿಟ್ಟುಕೊಂಡು ಹೋಗಿದ್ದಳು. ಚಾಕೊಲೇಟನ್ನು ಅಂಗಡಿಯಿಂದ ಯಾರು ಬೇಕಾದರೂ ತರಬಹುದು, ವಡೆಯನ್ನು ಮಾತ್ರ ತನ್ನ ಕೈಯಾರೆ ಮಾಡಿದ್ದು ಎಂಬುದು ಅವಳ ಲೆಕ್ಕಾಚಾರ. ಕಟ್ಟೆಯ ಅಂಚಿನಲ್ಲಿ ನಿಂತು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಅದನ್ನು ಮುಂದೆ ಚಾಚಿದಳು. ಮೇಲಿಂದ ಹದ್ದೊಂದು ಎರಗಿ ವಡೆಯನ್ನು ಕಾಗದ ಸಮೇತ ಎತ್ತಿಕೊಂಡು ಹೋಯಿತು. ಬೆದರಿ ಹಿಂದಕ್ಕೆ ಹೆಜ್ಜೆ ಇಟ್ಟವಳು ನೀರಿಗೆ ಬಿದ್ದಳು. ಕುನಿಹಿಕೊ ನಕ್ಕ. ನಕ್ಕು, ಆಮೇಲೆ ಹೆದರಿ ಓಡಿಹೋದ.

ಇದನ್ನೆಲ್ಲ ಫುಮಿನೊ ನಡೆದ ಹಾಗೇ ಬಿಡಿಸಿದ್ದಳು. ಕಾವಲಿಗೆಂದು ಮಂಜುಗಡ್ಡೆ ಕಾರ್ಖಾನೆಯ ಗೋಡೆಯ ಹಿಂದೆ ನಿಂತಿದ್ದವಳು ಅವಳೇ ತಾನೆ, ಕಂಡದ್ದನ್ನು ಬಿಡಿಸಿದಳು. ಆದರೆ ಮುಂದಿನ ಪುಟದಲ್ಲಿ ಆ ಗೋಡೆಯ ಹಿಂದಿನಿಂದ ನಾಯಕಿ ಓಡಿ ಬರುತ್ತಾಳೆ. ಹಿಂದೆ ಮುಂದೆ ನೋಡದೆ ಚಳಿ ನೀರಿಗೆ ಹಾರುತ್ತಾಳೆ. ಗೆಳತಿಯನ್ನು ತಬ್ಬಿ ಮೇಲೆ ತರುತ್ತಾಳೆ. ಅದನ್ನು ಕಂಡೇ ಹುಡುಗನಿಗೆ ಅವಳ ಮೇಲೆ ಮನಸ್ಸಾಗುವುದು. ನಿಜವಾಗಿ ನಡೆದದ್ದೇನೆಂದರೆ, ಗೋಡೆಯ ಹಿಂದಿನಿಂದ ಯಾರೂ ಬರಲಿಲ್ಲ. ಚಿಗುಸಾ ಒಬ್ಬಳೇ ಕೈಕಾಲು ಬಡಿದು, ಸಿಂಪಿ ಅಂಟಿದ್ದ ಮೆಟ್ಟಿಲಿಗೆ ಮಂಡಿ ಕೊಯ್ದುಕೊಂಡು ಮೇಲೆ ಬಂದಳು. ಮರುದಿನ ಶಾಲೆಯಲ್ಲಿ ಫುಮಿನೊ ಬೇರೆ ಬೆಂಚಿನಲ್ಲಿ ಕೂತಿದ್ದಳು.

“ಸರಿ. ನಿಮ್ಮ ಗುರುಗಳು ಬರ್ಲಿ,” ಎಂದಳು ಚಿಗುಸಾ. ಮಾಂಗಾ ಬರೆಯುವವರನ್ನೆಲ್ಲ ಗುರುಗಳೆನ್ನುವುದು ಊರಿಗೆ ರೂಢಿ, ಅವಳು ಹೇಳಿದಾಗ ಮಾತ್ರ ಅದು ಬೈಗುಳದಂತೆ ಕೇಳುತ್ತಿತ್ತು. “ಅವರೇ ಬಂದು ನನ್ನ ಮುಖ ನೋಡಿ ಕೇಳ್ಲಿ. ಕೊಡೋದೋ ಬಿಡೋದೋ ಆಮೇಲೆ.”

ಒಳಗಿನಿಂದ ಅವಳ ತಾಯಿ ಯಾಸುಯೊ ಕೂಗಿದಳು. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಆ ಹುಡುಗ್ರು ಬರೋಕ್ಮುಂಚೆ ಈ ಅಂಗಡೀಲಿ ನೊಣ ಹೊಡೀತಿದ್ದೆ ನೀನು. ಕೊಡ್ತೀವಿ ಅನ್ನೇ!”

“ನೀನು ಸುಮ್ನಿರಮ್ಮ.”

“ನೀರಿಗೆ ಬಿದ್ದಿದ್ದು ಇಪ್ಪತ್ತು ವರ್ಷದ್ ಹಿಂದೆ. ಇವಳಿನ್ನೂ ಒಣಗೇ ಇಲ್ಲ ನೋಡಪ್ಪ,” ಎಂದು ಯಾಸುಯೊ ಕುನಿಹಿಕೊನಿಗೆ ಹೇಳಿ ತಾನೇ ನಕ್ಕಳು.

ಫುಮಿನೊ ಬಂದದ್ದು ಮಾರ್ಚ್ ಮೊದಲ ವಾರ, ನಿರ್ಮಾಪಕ, ನಿರ್ದೇಶಕ, ಇನ್ನೂ ಯಾರು ಯಾರನ್ನೋ ಕಟ್ಟಿಕೊಂಡು. ತೆಳ್ಳಗಾಗಿದ್ದಳು. ಬಿಳಿ ಕೂದಲಿಗೆ ಬಣ್ಣ ಹಾಕಿರಲಿಲ್ಲ. ಚಿಗುಸಾ ಬಾಣಲೆಯ ಹಿಂದೆ ನಿಂತು, ಏನೆಂದು ಕರೆದಾಳು, ಹಳೆಯ ಹೆಸರು ಹಿಡಿದೇ ಕರೆದಾಳೇ ಎಂದು ಕಾದಳು. ಎದೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೂ ಅವಳಿಗೆ ನಾಚಿಕೆಯಾಯಿತು. ಫುಮಿನೊ ಒಂದು ಗಳಿಗೆ ಅವಳನ್ನು ನೋಡಿದಳು, ನಂತರ ಪಕ್ಕದಲ್ಲಿದ್ದ ನಿರ್ಮಾಪಕನನ್ನು ನೋಡಿದಳು. ಚೀಲದಿಂದ ತನ್ನ ಹೆಸರಿನ ಚೀಟಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಬಗ್ಗಿದಳು.

“ಮೊದಲನೇ ಸಲ ಭೇಟಿಯಾಗ್ತಿದೀವಿ. ತಮ್ಮ ಸಹಕಾರ ಇರಲಿ.”

ಕುನಿಹಿಕೊ ಕೆಮ್ಮಿದ. ಚಿಗುಸಾಳ ಕಿವಿಯವರೆಗೂ ರಕ್ತ ನುಗ್ಗಿತು. ಒದ್ದೆ ಕೈಯನ್ನು ಒರೆಸಿಕೊಳ್ಳಲೂ ಇಲ್ಲ, ವಡೆ ಮಗುಚುವ ಉದ್ದನೆಯ ಕಡ್ಡಿಗಳನ್ನು ಚಾಚಿ, ಆ ಚೀಟಿಯನ್ನು ತುದಿಯಲ್ಲಿ ಹಿಡಿದು ತೆಗೆದುಕೊಂಡು ಹಿಟ್ಟಿನ ತಟ್ಟೆಯ ಪಕ್ಕಕ್ಕಿಟ್ಟಳು. ಬಂದವರೆಲ್ಲರ ಮುಖ ಸುಟ್ಟ ಬದನೆಕಾಯಿಯಂತಾಯಿತು.

“ಅಂಗಡಿ ಕೊಡ್ತೀನಿ, ಮೆಟ್ಟಿಲು ಹೇಗೂ ಊರಿಂದು,” ಎಂದಳು ಚಿಗುಸಾ. “ಒಂದೇ ಮಾತು. ಹುಡುಗಿ ನೀರಿಗೆ ಬಿದ್ಮೇಲೆ ಯಾರೂ ಹಾರಕೂಡದು. ಅವಳೊಬ್ಳೇ ಎದ್ದು ಬರ್ಬೇಕು.”

ನಿರ್ಮಾಪಕ ಮೆತ್ತಗೆ ನಕ್ಕ. “ಅಮ್ಮಾ, ಎಲ್ಲರೂ ಕಾಯ್ತಿರೋದೇ ಆ ಹಾರೋ ದೃಶ್ಯಕ್ಕೆ. ಅದಿಲ್ದೆ ನಾಯಕಿ ನಾಯಕಿ ಹೇಗಾಗ್ತಾಳೆ?”

“ಅದನ್ನ ಗುರುಗಳನ್ನೇ ಕೇಳಿ.”

ಎಲ್ಲರೂ ಫುಮಿನೊ ಕಡೆ ತಿರುಗಿದರು. ಅವಳು ನೆಲ ನೋಡುತ್ತ, “ಅದು ಕಲ್ಪನೆ. ನಿಜವಾಗಿ ನಡೆದಿದ್ದಲ್ಲ,” ಎಂದಳು.

“ನಡೀಲಿಲ್ಲ ಅಂತ ನನಗೂ ಗೊತ್ತು. ಅದನ್ನೇ ಹೇಳಿ ಅಂತಿರೋದು ನಾನು. ಇವ್ರೆಲ್ಲರ ಮುಂದೆ ಬಾಯ್ಬಿಟ್ಟು ಹೇಳಿ. ಯಾರು ಬಿದ್ರು, ಯಾರು ಗೋಡೆ ಹಿಂದೆ ನಿಂತಿದ್ರು.”

ಫುಮಿನೊ ಚೀಲದ ಜಿಪ್ ಎಳೆದು ಮುಚ್ಚಿದಳು. ನಿರ್ದೇಶಕ ಗಡಿಯಾರ ನೋಡಿಕೊಂಡ. ಅಷ್ಟು ಹೊತ್ತಿಗೆ ಯಾಸುಯೊ ಚಪ್ಪಲಿ ಎಳೆಯುತ್ತ ಹೊರಗೆ ಬಂದಳು.

“ಎಲ್ಲಪ್ಪ ಕಾಗದ? ಅಂಗಡಿ ಇನ್ನೂ ನನ್ನ ಹೆಸರಲ್ಲೇ ಇದೆ. ಇವಳು ಬರೀ ಕರಿಯೋಳು,” ಎಂದು ನಡುಪಟ್ಟಿಯಿಂದ ಸಹಿಯ ಬದಲಿಗೆ ಒತ್ತುವ ಮೊಹರು ತೆಗೆದು, ಬಾಯಿಂದ ಹಾ ಎಂದು ಉಸಿರೂದಿ, ಒತ್ತಿಯೇ ಬಿಟ್ಟಳು.

ಅವತ್ತಿನಿಂದ ತಾಯಿ ಮಗಳ ನಡುವೆ ಮಾತು ನಿಂತಿತು. ಚಿಗುಸಾಳ ಗಂಡ ಸರಕು ಹಡಗಿನಲ್ಲಿದ್ದವನು, ಫೋನಿನಲ್ಲಿ ಎಲ್ಲ ಕೇಳಿ, “ಹೋಗ್ಲಿ ಬಿಡೆ, ಮೂರು ದಿನ ತಾನೆ,” ಎಂದ. ಹೋಗಲಿ ಬಿಡು ಎನ್ನುವುದು ದೂರದಲ್ಲಿರುವವರಿಗೆ ಸುಲಭ. ಮೀನು ಸಂಘದವರು ದಾರಿಯಲ್ಲಿ ಸಿಕ್ಕರೆ, “ಏನಮ್ಮ ಇಸೊಕೊ, ಸಿನಿಮಾದೋರನ್ನ ಓಡಿಸ್ತೀಯಂತೆ?” ಎಂದು ಕೆಣಕುತ್ತಿದ್ದರು. ಕ್ಷೌರದಂಗಡಿಯವನು ಅವಳನ್ನು ಕಂಡಾಗಲೆಲ್ಲ ಆಕಾಶ ನೋಡಿ, “ಹದ್ದು, ಹದ್ದು!” ಎನ್ನುತ್ತಿದ್ದ. ಅವಳು ವಡೆಯ ಹಿಟ್ಟನ್ನು ಎಂದಿಗಿಂತ ಜೋರಾಗಿ ಹಲಗೆಗೆ ಬಡಿಯುತ್ತಿದ್ದಳು.

ಶೂಟಿಂಗಿನ ಮೂರನೆಯ ದಿನ ಹಾರುವ ದೃಶ್ಯ ಇಟ್ಟುಕೊಂಡಿದ್ದರು. ಹೃದಯದಾಕಾರದ ವಡೆಗಳನ್ನು ಚಿಗುಸಾಳೇ ಕರಿದುಕೊಟ್ಟಿದ್ದಳು, ಯಾಕೆಂದರೆ ಸಿನಿಮಾದವರು ಬೇರೆ ಕಡೆಯಿಂದ ಮಾಡಿಸಿ ತಂದದ್ದು ತಂತಿಗೆ ಕಟ್ಟಿ ಹಾರಿಸುವ ಗೊಂಬೆ ಹದ್ದಿನ ಕಾಲಿಗೆ ಸಿಕ್ಕಿದ ಕೂಡಲೇ ಪುಡಿಯಾಗುತ್ತಿತ್ತು. ತನ್ನ ಮಾನ ಕಳೆಯುವುದಕ್ಕೂ ತಾನೇ ಗಟ್ಟಿಯಾಗಿ ಕರಿದುಕೊಡಬೇಕಾಯಿತಲ್ಲ ಎಂದು ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಕಟ್ಟೆಯ ಉದ್ದಕ್ಕೂ ಊರು ನೆರೆದಿತ್ತು. ಇಸೊಕೊ ಪಾತ್ರದ ದಪ್ಪ ಕೆನ್ನೆಯ ಹುಡುಗಿ ಬಿದ್ದಳು. ನಾಯಕಿಯ ಪಾತ್ರದ ಹುಡುಗಿ ಗೋಡೆಯ ಹಿಂದಿನಿಂದ ಓಡಿ ಬಂದು ಹಾರಿದಳು. ಜನ ಚಪ್ಪಾಳೆ ತಟ್ಟಿದರು. ಬಿದ್ದವಳನ್ನು ಅಷ್ಟಕ್ಕೇ ಬಿಟ್ಟು, ಹಾರುವುದನ್ನಷ್ಟೇ ಇನ್ನೊಮ್ಮೆ ಎಂದ ನಿರ್ದೇಶಕ. ಮತ್ತೆ ಹಾರಿದಳು. ಮೋಡ ಬಂತೆಂದು ಮತ್ತೊಮ್ಮೆ, ದೋಣಿಯೊಂದು ಅಡ್ಡ ಬಂತೆಂದು ಇನ್ನೊಮ್ಮೆ. ಫುಮಿನೊ ಮಡಚುವ ಕುರ್ಚಿಯಲ್ಲಿ ಕೂತು ತನ್ನ ಮಂಡಿಗಳನ್ನೇ ನೋಡುತ್ತಿದ್ದಳು. ಒಂದು ಸಲವೂ ತಲೆ ಎತ್ತಲಿಲ್ಲ. ಚಿಗುಸಾ ಅದನ್ನು ಅಂಗಡಿಯಿಂದಲೇ ಗಮನಿಸಿದಳು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಸಿನಿಮಾದವರೆಲ್ಲ ವಡೆಗೆ ಸಾಲು ನಿಂತರು. ನಾಲ್ಕೈದು ಮಂದಿಗೆ ಕೊಟ್ಟು ತಲೆ ಎತ್ತಿದರೆ ಎದುರಿಗೆ ಫುಮಿನೊ.

“ಬನ್ನಿ. ಎಷ್ಟು ಕೊಡ್ಲಿ?”

“ಚಿಗು, ನಾನು ಕಣೆ.”

“ಗೊತ್ತು. ಮೊನ್ನೆ ತಾನೇ ಮೊದಲನೇ ಸಲ ಭೇಟಿಯಾದ್ವಲ್ಲ. ಎಷ್ಟು ಕೊಡ್ಲಿ ನಿಮಗೆ?”

ಫುಮಿನೊ ಹಿಂದೆ ನಿಂತವರನ್ನು ಒಮ್ಮೆ ನೋಡಿ ದನಿ ತಗ್ಗಿಸಿದಳು. “ಅಷ್ಟು ಜನದ್ ಮುಂದೆ ಹೇಗೆ ಹೇಳ್ಲಿ? ನನಗೆ ಭಯ ಆಯ್ತು.”

“ಭಯ ನಿಮಗೆ ಹಳೇ ಕಾಯಿಲೆ.”

“ನೀನು ಬಿದ್ದಾಗ ನಾನು ಒಂದು ಬೂಟು ಬಿಚ್ಚಿದ್ದೆ ಕಣೆ. ಎಡಗಾಲಿಂದು. ಇನ್ನೊಂದು ಲೇಸು ಗಂಟು ಬಿದ್ದಿತ್ತು, ಬಿಚ್ಚೋಕಾಗ್ಲಿಲ್ಲ.” ಅಂಗಡಿಯ ಅಡ್ಡಹಲಗೆಯ ಅಂಚು ಹಿಡಿದು, “ಆಗ್ಲಿಲ್ಲ ಅಂತಲ್ಲ. ಬಿಚ್ಚಲಿಲ್ಲ,” ಎಂದಳು.

ಚಿಗುಸಾಳ ಕೈ ನಿಂತಿತು. ಇಪ್ಪತ್ತು ವರ್ಷ ಅವಳು ಆ ಗೋಡೆಯ ಹಿಂದೆ ನಗುತ್ತಿರುವ ಫುಮಿನೊಳನ್ನೇ ಮನಸ್ಸಿನಲ್ಲಿ ಕಂಡಿದ್ದಳು, ಆ ನಗುವನ್ನೇ ಕಚ್ಚಿಕೊಂಡು ದ್ವೇಷಿಸಿದ್ದಳು. ಒಂಟಿ ಬೂಟಿನಲ್ಲಿ ನಿಂತವಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಬಾಣಲೆಯಲ್ಲಿ ವಡೆಗಳು ಕಪ್ಪಾಗತೊಡಗಿದವು. ಅವನ್ನು ಎತ್ತಿ ಬದಿಗೆ ಸುರಿದಳು. ಕರುಣೆ ಬರಲಿಲ್ಲ. ಬರಬಹುದೆಂದು ಒಂದು ಗಳಿಗೆ ಕಾದು ನೋಡಿದಳು, ಬಂದದ್ದು ಸಿಟ್ಟೇ, ಮೊದಲಿಗಿಂತ ಹೊಸದಾಗಿ.

“ಪುಸ್ತಕದಲ್ಲಿ ಹಾರಿಸ್ದೆ,” ಎಂದಳು ಫುಮಿನೊ. ಅವಳ ದನಿಯೂ ಈಗ ಒರಟಾಗಿತ್ತು. “ಟೀವೀಲಿ ಹಾರಿಸ್ದೆ. ಇವತ್ತು ಬೆಳಿಗ್ಗೆಯಿಂದ ಎಷ್ಟು ಸಲ ಆಯ್ತೋ ನೀನೇ ನೋಡ್ದೆ. ಇನ್ನೂ ಎಷ್ಟು ಸಲ ಹಾರ್ಬೇಕು ಹೇಳು ನಾನು?”

“ಅವತ್ತು ಒಂದ್ಸಲ ಹಾರಿದ್ರೆ ಸಾಕಿತ್ತು ಫುಮಿ.”

ಹೆಸರು ಬಾಯಿಂದ ಜಾರಿಹೋಗಿತ್ತು. ಅದನ್ನು ವಾಪಸು ತೆಗೆದುಕೊಳ್ಳುವವಳ ಹಾಗೆ ಚಿಗುಸಾ ಬೇಗ ಬೇಗ ಎರಡು ವಡೆಗಳನ್ನು ಕಾಗದದ ಚೀಲಕ್ಕೆ ಹಾಕಿ ಮುಂದಕ್ಕೆ ತಳ್ಳಿದಳು.

“ಬಿಸಿ ಇದೆ, ನೋಡ್ಕೊಂಡು ತಿನ್ನಿ. ಮುಂದಿನೋರು ಬನ್ನಿ.”

ಮುಂದಿನವಳು ನಾಯಕಿಯ ಪಾತ್ರದ ಹುಡುಗಿ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಹೆಗಲ ಮೇಲೆ ದಪ್ಪ ಕಂಬಳಿ ಹೊದ್ದಿದ್ದಳು, ತುಟಿ ನೇರಳೆಯಾಗಿತ್ತು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಕೊಡಿ ಅಕ್ಕಾ ಎನ್ನಲು ಹೋದರೆ ಹಲ್ಲುಗಳು ಕಟಕಟ ಎಂದವು.

ಚಿಗುಸಾ ಅಂಗಡಿಯ ಅಡ್ಡಹಲಗೆ ಎತ್ತಿದಳು. “ಒಳಗ್ ಬಾ.”

“ಬೇಡ ಅಕ್ಕ, ಇನ್ನೊಂದ್ಸಲ ಹಾರ್ಬೇಕಂತೆ. ಕರೀತಾರೆ.”

“ಕರೀಲಿ. ಬಾ ಇಲ್ಲಿ.”

ಹುಡುಗಿಯನ್ನು ಒಲೆಯ ಪಕ್ಕದ ಮಣೆಯ ಮೇಲೆ ಕೂರಿಸಿ, ಚಿಗುಸಾ ಅವಳ ಮುಂದೆ ಮೊಣಕಾಲೂರಿದಳು. ಒದ್ದೆ ಕಾಲ್ಚೀಲಗಳನ್ನು ಎಳೆದು ತೆಗೆದು, ಮಂಜುಗಡ್ಡೆಯಾಗಿದ್ದ ಪಾದಗಳನ್ನು ತನ್ನ ಮಡಿಲ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಉಜ್ಜತೊಡಗಿದಳು. ಯಾಸುಯೊ ಬಂದು ಬಾಣಲೆಯ ಮುಂದೆ ನಿಂತಳು.

ಹೊರಗೆ ಸಾಲು ಮುಂದೆ ಸರಿಯಿತು. ಫುಮಿನೊ ಹೋಗಿರಲಿಲ್ಲ. ಅಡ್ಡಹಲಗೆಯ ಆಚೆ, ಕೈಯಲ್ಲಿ ಚೀಲ ಹಿಡಿದು ಹಾಗೇ ನಿಂತಿದ್ದಳು. ವಡೆಯ ಎಣ್ಣೆ ಕಾಗದಕ್ಕೆ ಇಳಿದು ನಿಧಾನವಾಗಿ ಹರಡುತ್ತಿತ್ತು. ಜನ ಅವಳನ್ನು ಬಳಸಿಕೊಂಡು ಮುಂದೆ ಹೋಗುತ್ತಿದ್ದರು.