ಮುನ್ನಿಬೀಯ ಗುಳಿಗೆ ಬಾಲಮ್ಮನಿಗೆ ಯಾಕೆ ಹತ್ತಲಿಲ್ಲ?

ನಮ್ಮ ಕಡೆ ಅಕ್ಕಪಕ್ಕದವರು ಸಕ್ಕರೆ, ಚಹಾಪುಡಿ ಕೈಗಡ ಕೊಡುವುದು ವಾಡಿಕೆ. ಗುಳಿಗೆಯನ್ನೂ ಕೊಡುತ್ತಾರೆ ನೋಡಿ! ಶಹಾಪುರದ ಹತ್ತಿರ, ಕಾಲುವೆ ದಂಡೆಯ ಊರಿನ ಮುನ್ನಿಬೀ ಮಾಡಿದ್ದೂ ಅದನ್ನೇ. ಪಾಪ, ಪ್ರೀತಿಯಿಂದಲೇ ಮಾಡಿದಳು.

ಪಕ್ಕದ ಮನೆಯ ಬಾಲಮ್ಮನಿಗೆ ಕೆಲವು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಊಟ ಸೇರದು, ನಿದ್ದೆ ಬಾರದು, ಸುಮ್ಮಸುಮ್ಮನೆ ಅಳು. ಹೋದ ವರ್ಷ ಮುನ್ನಿಬೀಗೂ ಹೀಗೇ ಆಗಿತ್ತು. ಡಾಕ್ಟರು ಖಿನ್ನತೆ ಎಂದು ಗುರುತಿಸಿ ಗುಳಿಗೆ ಕೊಟ್ಟಿದ್ದರು. ಈಗ ಭತ್ತದ ನಾಟಿಗೆ ಎಲ್ಲರಿಗಿಂತ ಮುಂದೆ ಅವಳೇ.

“ಅಕ್ಕಾ, ದವಾಖಾನಿಗಿ ಯಾಕ ಅಡ್ಡಾಡ್ತಿ? ನನ್ನ ಗುಳಿಗೀನೇ ನುಂಗು,” ಎಂದು ಮುನ್ನಿಬೀ ತನ್ನದರಲ್ಲೇ ಹಂಚಿ ಕೊಟ್ಟಳು.

ವಾರದೊಳಗೆ ಬಾಲಮ್ಮನ ಕೈ ನಡುಗತೊಡಗಿತು, ತಲೆ ಗಿರ್ರನೆ ತಿರುಗಿತು. ಒಂದು ಮುಂಜಾನೆ ಕೊಡದ ಸಮೇತ ಅಂಗಳದಲ್ಲಿ ಬಿದ್ದಳು.

ಗಂಡ ಮರಿಲಿಂಗಪ್ಪ ರೇಗಿದ. “ಆಕಿಗಿ ಹತ್ತಿದ್ದು ನಿನಗ್ಯಾಕ ಹತ್ತವಲ್ದು? ನಿಂದು ಬ್ಯಾನಿ ಅಲ್ಲ, ಸೋಗು!”

“ಹಂಗಾರ ನಾ ಇನ್ನ ಆರಾಮ ಆಗಂಗೇ ಇಲ್ಲ, ಬಿಡ್ರಿ,” ಎಂದಳು ಬಾಲಮ್ಮ.

ಆ ಮಾತು ಕೇಳಿ ಪಕ್ಕದ ಮನೆಯಿಂದ ಮುನ್ನಿಬೀ ಓಡಿ ಬಂದಳು. ಗಂಡ ಹೆಂಡತಿ ಇಬ್ಬರನ್ನೂ ಶಹಾಪುರದ ದವಾಖಾನೆಗೆ ಎಳೆದುಕೊಂಡು ಹೋಗಿ, ನಡೆದದ್ದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದಳು.

ಡಾಕ್ಟರಮ್ಮ ಬಾಲಮ್ಮನ ನಾಡಿ, ಬಿಪಿ ನೋಡಿ, ಮುನ್ನಿಬೀ ಕೊಟ್ಟ ಗುಳಿಗೆಯನ್ನು ನಿಲ್ಲಿಸಿದರು. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು. “ನಿಮ್ಮ ತವರಮನ್ಯಾಗ ಯಾರಿಗರ ಸಣ್ಣ ಗುಳಿಗೀನೂ ಜಾಸ್ತಿ ಹಿಡೀತದೇನ್ರಿ?”

“ಹೌದ್ರಿ, ನಮ್ಮವ್ವಗ. ನೆಗಡಿ ಗುಳಿಗಿ ಅರ್ಧ ನುಂಗಿದ್ರೂ ಸಂಜೀತನಾ ಮಲಗತಾಳ. ಅದಕ್ಕೂ ಇದಕ್ಕೂ ಏನ್ರಿ ಸಂಬಂಧ?”

“ತಂದಿ ತಾಯಿಂದ ಬಣ್ಣ, ಎತ್ತರ ಬರ್ತದಲ್ರಿ, ಹಂಗ ಔಷಧ ಕರಗಿಸೋ ಗುಣಾನೂ ಬರ್ತದ. ಅದನ್ನ ಹೊತ್ತು ತರೋದಕ್ಕ ಜೀನ್ ಅಂತಾರ. ಕೆಲವರ ಮೈ ಗುಳಿಗೀನ ಲಗೂನ ಕರಗಿಸಿ ಹೊರಗ ಹಾಕ್ತದ, ಅವರಿಗಿ ಗುಣ ಕಾಣಂಗಿಲ್ಲ. ಕೆಲವರ ಮೈಯಾಗ ಅದು ಉಳಕೊಂಡು ತ್ರಾಸ ಕೊಡ್ತದ.”

ಮರಿಲಿಂಗಪ್ಪ ಗದ್ದ ತುರಿಸಿಕೊಂಡ. “ನಮ್ಮ ಹೊಲ ಇದ್ದಂಗೇನ್ರಿ? ಕೆನಾಲ ನೀರು ಒಂದೇ. ಕೆಂಪು ಮಣ್ಣಿನ ಮಸಾರಿ ಹೊಲ ಕುಡದು ಮತ್ತ ಕೇಳ್ತದ. ಕರಿ ಮಣ್ಣಿನ ಎರಿ ಹೊಲಕ್ಕ ಅಷ್ಟೇ ಬಿಟ್ರ ನೀರು ನಿಂತು ಬೆಳಿ ಕೊಳೀತದ.”

“ಸುಮಾರು ಹಂಗೇ ಅನ್ರಿ. ಆದ್ರ ಜೀನ್ ಒಂದೇ ಕಾರಣ ಅಲ್ಲ. ವಯಸ್ಸು, ಬ್ಯಾರೆ ಬ್ಯಾನಿ, ಬ್ಯಾರೆ ಔಷಧ, ಎಲ್ಲಾ ನೋಡಬೇಕು.”

“ಹಂಗಾರ ಆ ಜೀನ್ ಟೆಸ್ಟ್ ಮಾಡೇ ಬಿಡ್ರಿ!” ಎಂದಳು ಮುನ್ನಿಬೀ.

ಡಾಕ್ಟರಮ್ಮ ನಕ್ಕರು. “ಟೆಸ್ಟ್ ಅದ, ಎಲ್ಲಾರಿಗೂ ಬೇಕಾಗಂಗಿಲ್ಲ. ಅದು ಎಲ್ಲಾನೂ ಹೇಳಂಗೂ ಇಲ್ಲ. ಬ್ಯಾರೆ ಗುಳಿಗಿ ಕಡಿಮಿ ಪ್ರಮಾಣದಿಂದ ಸುರು ಮಾಡೋಣ. ಗುಣ ಕಾಣಾಕ ಕೆಲವು ವಾರ ಬೇಕು. ಒಗ್ಗಲಿಲ್ಲಂದ್ರ ಬಂದು ಹೇಳ್ರಿ, ಬದಲಿ ಅದಾವ.”

ಹೊರಗೆ ಬಂದ ಮೇಲೆ ಮರಿಲಿಂಗಪ್ಪ ತಲೆ ತಗ್ಗಿಸಿ, “ಸೋಗು ಅಂದಿದ್ದು ನನ್ನ ತಪ್ಪು,” ಎಂದ. ಬಾಲಮ್ಮ ಅತ್ತಳು. ಈ ಸಲ ಯಾಕೆ ಅಳುತ್ತಿದ್ದಾಳೆಂದು ಅವಳಿಗೆ ಗೊತ್ತಿತ್ತು.

ಪ್ರಮಾಣ ಒಮ್ಮೆ ಹೆಚ್ಚುಕಡಿಮೆ ಮಾಡಬೇಕಾಯಿತು. ಎಳ್ಳ ಅಮಾವಾಸ್ಯೆ ಹೊತ್ತಿಗೆ ಬಾಲಮ್ಮ ಹತ್ತಿ ಬಿಡಿಸಲು ಹೊರಟಳು. ಬಾಗಿಲಲ್ಲಿ ಮುನ್ನಿಬೀ ಖಾಲಿ ಬಟ್ಟಲು ಹಿಡಿದು ನಿಂತಿದ್ದಳು.

“ಚಹಾಪುಡಿ ಬೇಕಾದಷ್ಟು ಒಯ್ಯಿ,” ಎಂದು ನಕ್ಕಳು ಬಾಲಮ್ಮ. “ಗುಳಿಗಿ ಮಾತ್ರ ಕೇಳಬ್ಯಾಡ!”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮನಸ್ಸಿನ ಕಾಯಿಲೆಯ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿ, ಇನ್ನೊಬ್ಬರದು ನುಂಗಬೇಡಿ. ಡಾಕ್ಟರು ಕೊಟ್ಟದ್ದನ್ನು ಅವರನ್ನು ಕೇಳದೆ ನಿಲ್ಲಿಸಲೂಬೇಡಿ. ನಿಮಗೆ, ನಿಮ್ಮ ಮನೆಯವರಿಗೆ ಹಿಂದೆ ಯಾವ ಔಷಧ ಒಗ್ಗಲಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿ. ಒಂದು ಗುಳಿಗೆ ಹತ್ತಲಿಲ್ಲವೆಂದು ಯಾರನ್ನೂ ಸೋಗಿನವರು ಅನ್ನಬೇಡಿ. ಅವರಿಗೆ ಹತ್ತುವ ಔಷಧ ಇನ್ನೂ ಸಿಗಬೇಕಾಗಿದೆ, ಅಷ್ಟೇ. ಅಲ್ಲಿಯವರೆಗೆ ಅವರ ಜೊತೆಗಿರಿ.