ಮೂರನೆಯ ಗೇರು

ಬಾಳಪ್ಪ ಕಾಕಾ ಮೆಲ್ಬರ್ನಿನಿಂದ ಸಿಡ್ನಿಗೆ ಫೋನು ಮಾಡಿದ್ದು ಎರಡು ಸಾವಿರದ ಏಳರ ಆಗಸ್ಟಿನ ಒಂದು ಭಾನುವಾರ. ಆಗ ನಾನು ಅಲ್ಲಿಯ ಪ್ಯಾರಮಟ್ಟಾದ ಪಾರ್ಸೆಲ್ ಗೋದಾಮೊಂದರಲ್ಲಿ ಕೆಲಸಕ್ಕಿದ್ದೆ.

"ಗೋಪೀನಾಥ, ನೀ ಕೊಟ್ಟ ಗಾಡಿ ಹೊಗಿ ಉಗುಳಾಕತ್ತೈತಿ," ಎಂದರು. ಆರಾಮವೇ ಎಂಬ ಮಾತಿಲ್ಲ, ಊಟವಾಯಿತೇ ಎಂಬ ವಿಚಾರಣೆಯಿಲ್ಲ. "ಪರಿಸರದ ಆಫೀಸಿನಿಂದ ಕಾಗದ ಬಂದೈತಿ. ಟೆಸ್ಟಿಗೆ ಒಯ್ದೆ. ಫೇಲ್ ಮಾಡಿ ಕಳಿಸ್ಯಾರ."

"ಕಾಕಾ, ನನ್ನ ಹತ್ರ ಇದ್ದಾಗ ಅದು ಒಂದು ದಿನಾನೂ ಹೊಗೆ ಬಿಟ್ಟಿಲ್ಲ."

"ಹಂಗಂದ್ರ ನಾ ಸುಳ್ಳ ಹೇಳಾಕತ್ತೀನೇನು?"

ಶುಕ್ರವಾರ ಬೆಳಿಗ್ಗೆ ಎರಡನೆಯ ಟೆಸ್ಟು, ಅದೇ ಕೊನೆಯದು ಎಂದು ಹೇಳಿ ಅವರು ಫೋನಿಟ್ಟರು. ನಾನು ಗೋದಾಮಿಗೆ ನಾಲ್ಕು ದಿನ ರಜೆ ಹೇಳಿ ಮೆಲ್ಬರ್ನ್ ಬಸ್ಸಿಗೆ ಟಿಕೆಟ್ ಬುಕ್ ಮಾಡಿದೆ.

ಆ ಕಾರನ್ನು ನಾನು ಕೊಂಡದ್ದು ಸಿಡ್ನಿಯಲ್ಲೇ. ಆಗಲೇ ಅದಕ್ಕೆ ಹನ್ನೆರಡು ವರ್ಷ. ಬಿಳಿ ಬಣ್ಣದ ಸ್ಟೇಷನ್ ವ್ಯಾಗನ್. ಹಿಂದಿನ ಸೀಟು ಮಡಚಿದರೆ ಕಾಲು ಚಾಚಿ ಮಲಗಬಹುದಾದಷ್ಟು ಉದ್ದ. ದ್ರಾಕ್ಷಿ ಬಿಡಿಸುವ ಹಂಗಾಮಿಗೆ ಮಿಲ್ಡ್ಯೂರಾ, ಮಾವಿನ ಹಂಗಾಮಿಗೆ ಉತ್ತರದ ಕಡೆ, ಯಾವ ಹಂಗಾಮೂ ಇಲ್ಲದಾಗ ಸುಮ್ಮನೆ ಎಲ್ಲಿಗಾದರೂ. ನಿಂತಲ್ಲಿ ನಿಲ್ಲಲಾಗದ ನನ್ನ ಸ್ವಭಾವಕ್ಕೆ ಅದು ಒಗ್ಗಿಕೊಂಡಿತ್ತು. ಕಡೆಗೊಮ್ಮೆ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ, ಕಾಕಾ ಅವರ ಮಗಳು ಮಹಾಶ್ವೇತಾಳ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಎಂಟು ತಿಂಗಳಿದ್ದೆ. ಎರಡು ವರ್ಷದ ಕೆಳಗೆ ಅಲ್ಲಿಂದ ಸಿಡ್ನಿಗೆ ಮರಳುವಾಗ ಕಾರನ್ನು ಕಾಕಾ ಅವರಿಗೆ ಕೊಟ್ಟೆ.

ಕೊಡಲು ಕಾರಣವಿತ್ತು. ಬಾಳಪ್ಪ ಕಾಕಾ ಬೆಳಗಾವಿ ಕಡೆಯವರು. ಇಪ್ಪತ್ತಾರು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತರಾಗಿ ಮಗಳ ಬಳಿಗೆ ಬಂದಿದ್ದರು. ಮಗಳ ಕಾರು ಆಟೋಮ್ಯಾಟಿಕ್. ಅದನ್ನು ಅವರು ಕಾರೆಂದು ಒಪ್ಪುತ್ತಲೇ ಇರಲಿಲ್ಲ. ಅವರ ಹೆಂಡತಿ ಗಿರಿಜವ್ವ ಟ್ರುಗನಿನಾದ ಒಂದು ಶೆಡ್ಡಿನಲ್ಲಿ ತರಕಾರಿ ಹೆಚ್ಚಿ ಪೊಟ್ಟಣ ಕಟ್ಟುವ ಕೆಲಸ ಹಿಡಿದಿದ್ದರು. ಬೆಳಗಿನ ಪಾಳಿಗೆ ಬಸ್ಸಿಲ್ಲ. ಅದೇ ಬೀದಿಯ ಇನ್ನೂ ಮೂವರು ಹೆಂಗಸರಿಗೂ ಅದೇ ಪಾಳಿ. ನಾಲ್ವರನ್ನೂ ಕೂರಿಸಿಕೊಂಡು ಹೋಗಿ ಬಿಟ್ಟು, ಮಧ್ಯಾಹ್ನ ಕರೆತರುವ ಕೆಲಸವನ್ನು ಕಾಕಾ ತಾವಾಗಿಯೇ ವಹಿಸಿಕೊಂಡರು. ಬೀದಿಯಲ್ಲಿ ಎಲ್ಲರಿಗೂ ಅವರು ಡ್ರೈವರ್ ಕಾಕಾ ಆದರು. ಮೆಲ್ಬರ್ನಿಗೆ ಬಂದ ಮೊದಲ ವರ್ಷ ಕಿಟಕಿಯ ಬಳಿ ಕೂತು ಬೀದಿಯಲ್ಲಿ ಹೋಗುವ ಕಾರುಗಳ ಗೇರು ಬದಲಾಗುವ ಸದ್ದು ಕೇಳುತ್ತಿದ್ದ ಮನುಷ್ಯ, ಕಾರು ಸಿಕ್ಕ ಮೇಲೆ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಕ್ಷೌರ ಮಾಡಿಕೊಳ್ಳತೊಡಗಿದ್ದರು.

ಬುಧವಾರ ಬೆಳಿಗ್ಗೆ ಸದರ್ನ್ ಕ್ರಾಸ್ ನಿಲ್ದಾಣಕ್ಕೆ ಕಾಕಾ ಅದೇ ಕಾರಿನಲ್ಲಿ ಬಂದಿದ್ದರು. ಹೊರಗೆ ಕಲೆಯಿಲ್ಲ, ಒಳಗೆ ಧೂಳಿಲ್ಲ. ನನ್ನ ಕಾಲದಲ್ಲಿ ಕಿತ್ತಳೆ ಸಿಪ್ಪೆಯೂ ಹಳೆಯ ಪುಸ್ತಕಗಳೂ ಬಿದ್ದಿರುತ್ತಿದ್ದ ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ಬಸವಣ್ಣ ಕೂತಿತ್ತು. ನಾನು ಪಕ್ಕದಲ್ಲಿ ಕೂತೆ. ಅವರು ಓಡಿಸತೊಡಗಿದರು. ಅರ್ಧ ಗಂಟೆಯೊಳಗೆ ನನಗೆ ಎಲ್ಲವೂ ತಿಳಿಯಿತು.

ಕಾರು ಇನ್ನೂ ಓಟ ಹಿಡಿಯುವ ಮೊದಲೇ ಎರಡನೆಯ ಗೇರು, ಮರುಕ್ಷಣ ಮೂರು, ಮೂವತ್ತೈದರ ವೇಗದಲ್ಲೇ ನಾಲ್ಕು. ಇಂಜಿನ್ನು ಗಂಟಲಲ್ಲಿ ಏನೋ ಸಿಕ್ಕಿದವರಂತೆ ಗುರುಗುಟ್ಟಿತು. ಕೆಂಪು ದೀಪ ಬಿದ್ದಲ್ಲೆಲ್ಲ ಕಾಕಾ ಕೀಲಿ ತಿರುಗಿಸಿ ಇಂಜಿನ್ನು ಆರಿಸಿದರು. ವೆಸ್ಟ್ ಗೇಟ್ ಸೇತುವೆಯ ನೆತ್ತಿ ತಲುಪಿದಾಗ ಗೇರಿನ ಹಿಡಿಯನ್ನು ಮೆತ್ತಗೆ ನಡುವಿಗೆ ತಂದು ನ್ಯೂಟ್ರಲ್‌ನಲ್ಲಿ ಬಿಟ್ಟರು. ಕೆಳಗೆ ನದಿ, ಎಡಕ್ಕೆ ಕೊಲ್ಲಿಯ ನೀರು; ಕಾರು ಸದ್ದಿಲ್ಲದೆ ಇಳಿಜಾರಿನಲ್ಲಿ ಜಾರಿತು. ಅವರ ಮುಖದಲ್ಲಿ ಒಂದು ಶಾಂತಿ ಕಾಣಿಸಿತು.

"ಇಲ್ಲಿಂದ ಕೆಳಗಿನತನಕ ಪೆಟ್ರೋಲಿನ ಮಾತಿಲ್ಲ," ಎಂದರು. "ನೀ ಇದನ್ನ ಕುದುರಿ ಓಡಿಸಿದಂಗ ಓಡಿಸಾಂವ. ನಾ ಕೈಗೂಸಿನಂಗ ನೋಡ್ಕೊಂಡೀನಿ. ಆದ್ರೂ ಹಿಂಗ ಮಾಡ್ತು."

"ಟೆಸ್ಟ್ ಮಾಡೋ ಜಾಗದಲ್ಲಿ ಏನಾಯ್ತು ಕಾಕಾ?"

"ಏನಾಗ್ತದ? ಸಾಲಿನ್ಯಾಗ ಅರ್ಧ ತಾಸು ನಿಂತೆ. ಬಾಕಿ ಮಂದಿ ಇಂಜಿನ್ ಹಚ್ಚಿಕೊಂಡ ನಿಂತಿದ್ರು. ನಾ ಆಫ್ ಮಾಡಿದ್ದೆ. ನನ್ನ ಪಾಳಿ ಬಂದಾಗ ಹಚ್ಚಿದೆ. ಹಿಂದ ಒಂದು ಕೊಳವಿ ತುರುಕಿ ನೋಡಿದ್ರು, ಆಗಂಗಿಲ್ಲ ಅಂದ್ರು."

ಗ್ಲೋವ್ ಬಾಕ್ಸ್ ತೆರೆದು ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಕೈಗಿಟ್ಟರು. ಇಲಾಖೆಯ ಕಾಗದ ಅದರಲ್ಲಿರಬಹುದು ಎಂದುಕೊಂಡೆ, ಅದೂ ಇತ್ತು. ಯಾರೋ ನಂಬರ್ ಬರೆದುಕೊಂಡು ದೂರು ಕೊಟ್ಟ ದಿನಾಂಕ, ಫ್ರೀವೇ ಹೆಸರು, ಕಪ್ಪು ಹೊಗೆ, ಇಪ್ಪತ್ತೆಂಟು ದಿನದೊಳಗೆ ದುರಸ್ತಿ ಮಾಡಿಸಿ ಟೆಸ್ಟ್ ಪಾಸಾದ ಪತ್ರ ಕೊಡದಿದ್ದರೆ ನೋಂದಣಿ ರದ್ದು. ಅದರ ಹಿಂದೆ ಇನ್ನೊಂದು ಹಳದಿಗಟ್ಟಿದ ಕಾಗದ: ಬಸ್ ಸಂಸ್ಥೆಯ ವಿಭಾಗದಲ್ಲಿ ಅತಿ ಹೆಚ್ಚು ಇಂಧನ ಉಳಿಸಿದ ಚಾಲಕರೆಂದು ಶ್ರೀ ಬಾಳಪ್ಪನವರಿಗೆ ಪ್ರಶಂಸಾಪತ್ರ. ನಾಲ್ಕು ವರ್ಷ ಒಂದೇ ಸಮನೆ ಪಡೆದದ್ದಂತೆ. ಒಂದನ್ನು ಮಾತ್ರ ಜೊತೆಗೆ ತಂದಿದ್ದರು.

ಅಂದು ಮಧ್ಯಾಹ್ನ ಫುಟ್ಸ್‌ಕ್ರೇಯ ಒಬ್ಬ ವಿಯೆಟ್ನಾಮಿ ಮೆಕ್ಯಾನಿಕ್‌ನ ಬಳಿಗೆ ಹೋದೆವು. ಆತ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ತೋರಿಸಿದ. ನಾಲ್ಕೂ ಒಲೆಯ ಮಸಿಯಷ್ಟು ಕಪ್ಪು. ಇಂಜಿನ್ನಿನಲ್ಲಿ ದೋಷವಿಲ್ಲ, ಅದು ಎಂದೂ ಪೂರ್ತಿ ಬಿಸಿಯೇ ಆಗಿಲ್ಲ ಎಂದ. ಅರೆಬರೆ ಉರಿದ ಪೆಟ್ರೋಲು ಮಸಿಯಾಗಿ ಒಳಗೆ ಕೂತಿದೆ. ಹೊಗೆಯನ್ನು ಶುದ್ಧಮಾಡಲು ಸೈಲೆನ್ಸರಿನ ಮುಂದೆ ಇರುವ ಕನ್ವರ್ಟರ್ ಎಂಬ ಡಬ್ಬಿ ಕೆಂಡದಂತೆ ಕಾದರೆ ಮಾತ್ರ ಕೆಲಸ ಮಾಡುತ್ತದೆ, ಇದರದ್ದು ತಣ್ಣಗೇ ಉಳಿದಿದೆ. ಹೊಸ ಪ್ಲಗ್ಗು, ಹೊಸ ಆಯಿಲ್, ಹೊಸ ಏರ್ ಫಿಲ್ಟರ್ ಹಾಕಿದ. ಇನ್ನುಳಿದದ್ದು ನನ್ನ ಕೈಯಲ್ಲಿಲ್ಲ ಎಂದ: ಫ್ರೀವೇಗೆ ಒಯ್ದು ಮೂರನೆಯ ಗೇರಿನಲ್ಲಿ ಒಂದು ಗಂಟೆ ಚೆನ್ನಾಗಿ ಅರಚಿಸಿ, ಆ ಬಿಸಿಯಲ್ಲೇ ಟೆಸ್ಟಿಗೆ ನುಗ್ಗಿಸಬೇಕು. ಕಡೆಗೆ ಕೈ ಒರೆಸಿಕೊಳ್ಳುತ್ತ, ಇದನ್ನು ಯಾವ ಅಜ್ಜಿ ಓಡಿಸುತ್ತಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕ.

"ಏನಂತಾನ?" ಕಾಕಾ ಕೇಳಿದರು.

"ಪ್ಲಗ್ ಹೋಗಿತ್ತಂತೆ, ಹೊಸದು ಹಾಕಿದಾನಂತೆ."

ಅವರು ತಲೆಯಾಡಿಸಿದರು.

ಗುರುವಾರ ಸಂಜೆ ಊಟಕ್ಕೆ ಕೂತಾಗ ಮಹಾಶ್ವೇತಾ ಆಸ್ಪತ್ರೆಯ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ನರ್ಸಿನ ಸಮವಸ್ತ್ರದಲ್ಲೇ ರೊಟ್ಟಿ ಮುರಿದಳು.

"ಅಪ್ಪಾ, ನಾಳೆ ಫೇಲ್ ಆದ್ರ ಅದನ್ನ ಸ್ಕ್ರ್ಯಾಪ್‌ಗೆ ಕೊಟ್ಬಿಡೋಣ. ಅವ್ವನ ಡ್ರಾಪ್‌ಗೆ ಏನಾದ್ರೂ ಅರೇಂಜ್ ಮಾಡ್ತೀನಿ. ನೀ ಮನ್ಯಾಗ ಆರಾಮ ಇರು."

"ಹೂಂ," ಎಂದರು ಕಾಕಾ.

"ನಿನಗ ಬೇಜಾರಾಗ್ಲಿ ಅಂತಲ್ಲ."

"ಇಲ್ಲ ಬಿಡು. ಆರಾಮ ಇರಾಕ ಇನ್ನೇನ ಬೇಕು."

ಗಿರಿಜವ್ವ ಪಲ್ಯ ಬಡಿಸುತ್ತ ನನ್ನತ್ತ ನೋಡಿದರು. "ಗೋಪೀನಾಥ, ಇವರು ಆರಾಮ ಕುಂತ್ರ ನನಗ ಎರಡು ಪಾಳಿ ಆಗ್ತಾವ ನೋಡಪಾ. ಅಲ್ಲಿ ಗಜ್ಜರಿ ಹೆಚ್ಚೂದು, ಇಲ್ಲಿ ಇವರ ಮಾರಿ ನೋಡೂದು." ಮಹಾಶ್ವೇತಾ ನಕ್ಕಳು. ಕಾಕಾ ನಗಲಿಲ್ಲ.

ನಾನು ಒಂದು ಉಪಾಯ ಹೂಡಿದ್ದೆ. ಕಾಕಾ ಅವರನ್ನು ಮನೆಯಲ್ಲೇ ಬಿಟ್ಟು, ಹಳೆಯ ಗೆಳೆಯನೊಬ್ಬನನ್ನು ನೋಡಬೇಕೆಂದು ನೆಪ ಹೇಳಿ ಕಾರನ್ನು ಗೀಲಾಂಗ್ ಕಡೆಗೆ ಒಯ್ದು, ನನ್ನ ಹಳೆಯ ರೀತಿಯಲ್ಲೇ ಓಡಿಸಿ, ಹಾಗೇ ಟೆಸ್ಟು ಮುಗಿಸಿಕೊಂಡು ಬರುವುದು. ಅವರಿಗೆ ಏನನ್ನೂ ಹೇಳಬೇಕಾಗುವುದಿಲ್ಲ. ಇಪ್ಪತ್ತಾರು ವರ್ಷ ಹಿಡಿದುಕೊಂಡು ಬಂದ ವಿದ್ಯೆಯೇ ಈ ಹೊಗೆಗೆ ಕಾರಣ ಎಂಬ ಮಾತನ್ನು, ಆ ವಿದ್ಯೆಗೆ ಸಿಕ್ಕ ಕಾಗದವನ್ನು ಸಮುದ್ರ ದಾಟಿಸಿ ತಂದವರ ಎದುರು ಆಡುವ ಧೈರ್ಯ ನನಗಿರಲಿಲ್ಲ.

ಊಟವಾದ ಮೇಲೆ ಗ್ಯಾರೇಜಿನಲ್ಲಿ ಗೆಳೆಯನ ನೆಪ ಹೇಳಿ ಅವರ ಬಳಿ ಕೀಲಿ ಕೇಳಿದೆ. ಕಾಕಾ ಒದ್ದೆ ಬಟ್ಟೆಯಿಂದ ಕಾರಿನ ಗಾಜು ಒರೆಸುತ್ತಿದ್ದರು.

"ಯಾವ ಗೆಳೆಯಾ?"

ಗೀಲಾಂಗಿನವನು ಎಂದೆ.

"ತಮ್ಮಾ, ಗ್ರ್ಯಾಂಡ್‌ಮದರ್ ಅಂದ್ರ ನನಗ ತಿಳಿಯಂಗಿಲ್ಲ ಅಂತ ಮಾಡಿಯೇನು?" ಒರೆಸುವ ಕೈ ನಿಲ್ಲಲಿಲ್ಲ. "ಥರ್ಡ್ ಗೇರ್ ಅಂದಿದ್ದೂ ತಿಳೀತು. ಫ್ರೀವೇ ಅಂದಿದ್ದೂ ತಿಳೀತು. ನಿನ್ನಿಯಿಂದ ಅದನ್ನ ವಿಚಾರ ಮಾಡಾಕತ್ತೀನಿ."

"ಕಾಕಾ, ನಿಮ್ಮ ತಪ್ಪು ಅಂತ ಅವನು ಹೇಳ್ಲಿಲ್ಲ."

"ಹೇಳಿದ್ರ ಏನಾಗ್ತಿತ್ತು? ನಾ ಊರಾಗ ಓಡಿಸಿದ್ದು ಡೀಸೆಲ್ ಬಸ್ಸು. ದಿನಾ ನಾನೂರು ಕಿಲೋಮೀಟರ್, ಐವತ್ತ ಮಂದಿ, ಘಾಟಿನ ಏರು. ಅದು ಕಾಯ್ಲಾರದ ಎಲ್ಲಿ ಹೋಗ್ತದ? ಇದು ಟ್ರುಗನಿನಾತನಕ ಹೋಗಿ ಬರೂದು. ಬೆಳಗಿನ ಥಂಡ್ಯಾಗ. ಅಲ್ಲಿ ಕಲ್ತದ್ದು ಇಲ್ಲಿ ಹಚ್ಚಿದೆ." ಬಟ್ಟೆ ಹಿಂಡಿ ಹೇಳಿದರು: "ನಾಳೆ ನೀ ಓಡಿಸಿದ್ರ ಪಾಸ್ ಆಗ್ತದ. ನೀ ಸಿಡ್ನಿಗೆ ಹೋದ ಮ್ಯಾಲ ನಾ ಓಡಿಸ್ತೀನಿ, ಮತ್ತ ಹೊಗಿ ಬಿಡ್ತದ. ಮತ್ತ ನಿನ್ನ ಕರಸ್ಲೇನು?"

ಕೀಲಿಯನ್ನು ಅವರು ತಮ್ಮ ಕಿಸೆಗೇ ಹಾಕಿಕೊಂಡರು.

ಶುಕ್ರವಾರ ಬೆಳಿಗ್ಗೆ ಹೆಂಗಸರನ್ನು ಕೆಲಸಕ್ಕೆ ಬಿಟ್ಟು ಬಂದು, ನನ್ನನ್ನು ಕೂರಿಸಿಕೊಂಡು ಗೀಲಾಂಗ್ ಫ್ರೀವೇ ಹಿಡಿದರು. ಎಂಬತ್ತರಲ್ಲಿ ಐದನೆಯ ಗೇರಿನಲ್ಲಿ ಸಾಗುತ್ತಿದ್ದ ಕಾರನ್ನು ವೆರಿಬಿ ದಾಟಿದ ಮೇಲೆ ನಾಲ್ಕಕ್ಕೆ ಇಳಿಸಿದರು. ಮತ್ತೆ ಬಹಳ ಹೊತ್ತು ಏನೂ ಮಾಡಲಿಲ್ಲ. ಆಮೇಲೆ ಉಸಿರೆಳೆದುಕೊಂಡು ಮೂರಕ್ಕೆ ಹಾಕಿ ಪೆಡಲನ್ನು ಒತ್ತಿದರು.

ಇಂಜಿನ್ನು ಕಿರುಚಿತು. ಸುತ್ತು ತೋರಿಸುವ ಮುಳ್ಳು ಎರಡು ವರ್ಷದಿಂದ ಕಾಣದ ಎತ್ತರಕ್ಕೆ ಏರಿತು. ಹಿಂದಿನ ಗಾಜಿನಲ್ಲಿ ರಸ್ತೆ ಕಾಣಲಿಲ್ಲ. ಕಪ್ಪು ಪರದೆಯೊಂದು ನಮ್ಮನ್ನು ಹಿಂಬಾಲಿಸಿತು.

"ಯಾರರ ನಂಬರ್ ಬರ್ಕೊಂಡ್ರ?" ಎಂದರು, ಕಣ್ಣು ರಸ್ತೆಯಲ್ಲೇ ನೆಟ್ಟು.

"ಬರ್ಕೊಳ್ಳಲಿ ಕಾಕಾ. ಕಾಗದ ಬರೋದ್ರೊಳಗೆ ಪಾಸಾಗಿರ್ತೀವಿ."

ಅವರ ಹಣೆಯ ಮೇಲೆ ಆಗಸ್ಟಿನ ಚಳಿಯಲ್ಲೂ ಬೆವರು ಮೂಡಿತ್ತು. ಅವರ ಬಲಗಾಲು ಮತ್ತೆ ಮತ್ತೆ ತಾನಾಗಿಯೇ ಪೆಡಲಿನಿಂದ ಮೇಲೇಳುತ್ತಿತ್ತು. ಅವರು ಅದನ್ನು ಬೇರೆ ಯಾರದೋ ಕಾಲೆಂಬಂತೆ ಬಗ್ಗಿ ನೋಡಿ ಮತ್ತೆ ಒತ್ತುತ್ತಿದ್ದರು. ಲಾರಾ ಬರುವ ಹೊತ್ತಿಗೆ ಹೊಗೆ ಬೂದುಬಣ್ಣಕ್ಕೆ ತಿರುಗಿತ್ತು. ಅಲ್ಲಿ ತಿರುಗಿಸಿಕೊಂಡು ಬರುವಾಗ ತೆಳುವಾಯಿತು. ಯೂ ಯಾಂಗ್ಸ್ ಬೆಟ್ಟಗಳು ಬಲಬದಿಯ ಕನ್ನಡಿಯಿಂದ ಎಡಬದಿಗೆ ಸರಿಯುವಷ್ಟರಲ್ಲಿ ಹಿಂದೆ ರಸ್ತೆ ಇದ್ದ ಹಾಗೇ ಕಂಡಿತು. ಇಂಜಿನ್ನಿನ ಸದ್ದಿನ ಗುರುತು ನನಗೆ ಸಿಕ್ಕಿತು. ಮಿಲ್ಡ್ಯೂರಾದ ರಸ್ತೆಯಲ್ಲಿ ಕೇಳುತ್ತಿದ್ದ ಅದೇ ಸದ್ದು. ಕಾಕಾ ಅವರಿಗೂ ಏನೋ ಕೇಳಿಸಿರಬೇಕು. "ಇದರ ದನಿ ಹಿಂಗ ಐತೇನು?" ಎಂದರು ಮೆಲ್ಲಗೆ.

ಲ್ಯಾವರ್ಟನ್‌ನ ಟೆಸ್ಟಿನ ಜಾಗದಲ್ಲಿ ನಮ್ಮ ಮುಂದೆ ಮೂರು ಗಾಡಿಗಳಿದ್ದವು. ಸಾಲು ನಿಂತಿತು. ಕಾಕಾ ಅವರ ಕೈ ಕೀಲಿಯತ್ತ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಅದು ಅರ್ಧದಲ್ಲಿ ನಿಂತಿತು. ಕೈಯನ್ನು ಹಿಂದಕ್ಕೆ ತಂದು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಕೂತರು. ಇಪ್ಪತ್ತು ನಿಮಿಷ ಹಾಗೇ ಕೂತಿದ್ದರು. ನಿಂತ ಕಾರಿನಲ್ಲಿ ಇಂಜಿನ್ನು ಉರಿಯುವುದನ್ನು ಕೇಳುತ್ತ ಕೂರುವುದು ಅವರಿಗೆ ಎಷ್ಟು ಕಷ್ಟವಿತ್ತೆಂದರೆ, ಒಮ್ಮೆ ಕಣ್ಣನ್ನೇ ಮುಚ್ಚಿಕೊಂಡರು.

ಹಿಂದೆ ಕೊಳವೆ ತುರುಕಿ ನೋಡಿದ ಹುಡುಗಿ ಅಂಕಿಗಳನ್ನು ಎರಡು ಸಲ ಓದಿಕೊಂಡು, ಮುದ್ರೆಯೊತ್ತಿದ ಕಾಗದವನ್ನು ಕಿಟಕಿಯಲ್ಲಿ ಚಾಚಿದಳು. ಕಾಕಾ ಅದನ್ನು ಓದಲಿಲ್ಲ; ಪಾಸ್ ಎಂಬ ಒಂದು ಪದದ ಮೇಲೆ ಬೆರಳಿಟ್ಟು ನೋಡಿ, ಪ್ಲಾಸ್ಟಿಕ್ ಕವರಿನಲ್ಲಿ ಪ್ರಶಂಸಾಪತ್ರದ ಜೊತೆಗೆ ಸೇರಿಸಿದರು. ಯಾವುದನ್ನು ಮುಂದಿಡುವುದೆಂದು ಕ್ಷಣ ಯೋಚಿಸಿದಂತಿತ್ತು. ಹಳದಿ ಕಾಗದವೇ ಮುಂದೆ ಉಳಿಯಿತು.

"ಮನ್ಯಾಗ ಪ್ಲಗ್ ಹೋಗಿತ್ತು ಅಂತ ಹೇಳು," ಎಂದರು.

"ಹಾಗೇ ಹೇಳಿದ್ದೆನಲ್ಲ ಕಾಕಾ."

"ಹೌದಲ್ಲ. ಸುಳ್ಳ ಚಲೋ ಹೇಳ್ತಿ."

ಭಾನುವಾರ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಬಿಡಲು ಅವರೇ ಬಂದರು. ಸೇತುವೆಯ ನೆತ್ತಿಯಲ್ಲಿ ಅವರ ಅಂಗೈ ಗೇರಿನ ಹಿಡಿಯ ಮೇಲೆ ಕೂತಿತು. ನಾನು ಕಿಟಕಿಯಾಚೆ ನೋಡತೊಡಗಿದೆ. ಕಾರು ಗೇರಿನಲ್ಲೇ, ತನ್ನ ಪೂರ್ತಿ ಸದ್ದಿನೊಂದಿಗೇ ಕೆಳಗಿಳಿಯಿತು. ಹಾಗೆ ಇಳಿದದ್ದು ಅವರಿಗೆ ಒಂದು ನಷ್ಟವೇ ಆಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆ ಸೇತುವೆಯ ಮೇಲಿನ ನಿಶ್ಶಬ್ದದಲ್ಲಿ ಅವರು ಯಾವ ಘಾಟನ್ನು ಇಳಿಯುತ್ತಿದ್ದರೋ.

ನಿಲ್ದಾಣದ ಎದುರು ಕೆಂಪು ದೀಪ ಬಿತ್ತು. ಕಾಕಾ ಕೀಲಿ ತಿರುಗಿಸಿ ಇಂಜಿನ್ನು ಆರಿಸಿದರು. ಆಮೇಲೆ ನನ್ನ ಕಡೆ ನೋಡಿದರು.

"ಇದೊಂದು ಇರ್ಲಿ ಬಿಡು, ತಮ್ಮಾ," ಎಂದರು.

ನಾನು ಅಲ್ಲೇ ಚೀಲ ಹಿಡಿದುಕೊಂಡು ಇಳಿದೆ. ದೀಪ ಹಸಿರಾಯಿತು. ಕಾರು ಹೊರಟಿತು. ಎರಡನೆಯ ಗೇರಿನಲ್ಲಿ, ಬದಲಿಸುವ ಆತುರವಿಲ್ಲದೆ, ಅದರ ದನಿ ಏರುತ್ತ ಏರುತ್ತ ಮೂಲೆಯ ತಿರುವಿನವರೆಗೂ ನನಗೆ ಕೇಳುತ್ತಿತ್ತು.