ಒಂದು ಗುಟುಕು ಗಾಳಿಗೆ ಅಪ್ಪಣೆ

ಒಂದೂರಿನ ಊಟದ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ, ಮೀನು ಸಾಕಿದ ಒಂದು ಗಾಜಿನ ತೊಟ್ಟಿಯಿತ್ತು. ಆ ತೊಟ್ಟಿಯಲ್ಲಿ ಪರಮ ಶಾಂತಿ ನೆಲೆಸಿತ್ತು. ಹಾಗೆಂದು ಮೇಲ್ನೀರಿನಲ್ಲಿ ವಾಸವಾಗಿದ್ದವರೆಲ್ಲ ಹೇಳುತ್ತಿದ್ದರು. ತಳದಲ್ಲಿದ್ದವರನ್ನು ಯಾರೂ ಕೇಳಿರಲಿಲ್ಲ. ಕೇಳದೆ ಇದ್ದದ್ದರಿಂದಲೇ ಶಾಂತಿಯಿತ್ತು ಎನ್ನುವವರೂ ಇದ್ದಾರೆ. ಬಿಡಿ, ಕೊಂಕು ಮಾತಾಡುವವರು ಎಲ್ಲ ಊರಲ್ಲೂ ಇರುತ್ತಾರೆ.

ಮೇಲ್ನೀರು ಏಂಜೆಲ್ ಮೀನುಗಳದ್ದು. ಉದ್ದುದ್ದ ರೆಕ್ಕೆ, ಮೈಮೇಲೆ ಪಟ್ಟೆ, ಸದಾ ಎತ್ತಿದ ಮೂಗು. ಅವರ ಹಿರಿಯರು ಜರತಾರಯ್ಯನವರು. ಕೆಳಗಿನಿಂದ ನೋಡಿದರೆ ನೀರಿನ ನೆತ್ತಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಅವರು ಹಗಲೆಲ್ಲ ಅದರಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಇದಕ್ಕೆ ಅವರು ಆಡಳಿತ ಎಂದು ಹೆಸರಿಟ್ಟಿದ್ದರು. ನಡುನೀರಿನಲ್ಲಿ ಟೆಟ್ರಾ ಎಂಬ ಮಿಣಮಿಣ ಹೊಳೆಯುವ ಸಣ್ಣ ಮೀನುಗಳು, ಅವರಿಗೆ ಮುಂದಾಳು ಮಿಣುಕಪ್ಪ. ಮೇಲೆ ನೋಡಿ ತಲೆಯಾಡಿಸುವುದು, ಕೆಳಗೆ ನೋಡಿ ಗದರುವುದು ಅವನ ಕೆಲಸ.

ತಳದ ಮರಳಿನಲ್ಲಿದ್ದವರು ಮೀಸೆಮೀನುಗಳು. ಅಂಗಡಿಯಲ್ಲಿ ಕ್ಯಾಟ್‌ಫಿಶ್ ಎಂದು ಕೇಳಿದರೆ ಕೊಡುತ್ತಾರಲ್ಲ, ಬೆರಳಿಗಿಂತ ಗಿಡ್ಡ, ಅವೇ. ಮೇಲಿನವರು ಉಂಡು ಉಳಿದದ್ದನ್ನು ಮೀಸೆಯಿಂದ ತಡವಿ ಹುಡುಕಿ ತಿಂದು, ಯಾರ ತಂಟೆಗೂ ಹೋಗದೆ ಗುಂಪುಗೂಡಿ ಬಾಳುತ್ತಿದ್ದರು. ಅವರಲ್ಲಿ ಹೆಂಗಸರಿಗೂ ಮೀಸೆಯುಂಟು; ಆದರೆ ಮೀಸೆ ಕುಣಿಸುವ ಅಭ್ಯಾಸ ಯಾರಿಗೂ ಇರಲಿಲ್ಲ. ಗುಂಪಿಗೆ ಹಿರಿಯಳು ಹೊನ್ನವ್ವ. ಅವಳಿಗೆ ಉಳಿದಿದ್ದವಳು ಚೆನ್ನಿ ಎಂಬ ಒಬ್ಬಳೇ ಮೊಮ್ಮಗಳು. ಹುಟ್ಟಿದಾಗಿನಿಂದ ಆ ಕೂಸಿಗೆ ದಮ್ಮು ಕಡಿಮೆ.

ಈ ಮೀಸೆಯವರದ್ದೊಂದು ಪದ್ಧತಿ. ನೀರಿನಲ್ಲಿ ಉಸಿರು ಸಾಲದಾದಾಗ ಸರ್ರನೆ ಮೇಲಕ್ಕೆ ಹಾರಿ, ಹೊರಗಿನ ಗಾಳಿಯನ್ನು ಒಂದು ಗುಟುಕು ನುಂಗಿ, ಹೋದಷ್ಟೇ ಬೇಗ ಮರಳಿಗೆ ಇಳಿದುಬಿಡುತ್ತಿದ್ದರು. ಅಷ್ಟರಲ್ಲಿ ನೆತ್ತಿಯ ಕನ್ನಡಿ ಕೊಂಚ ಕದಡುತ್ತಿತ್ತು. ಒಂದು ದಿನ ಚೆನ್ನಿ ಹಾರಿದ ರಭಸಕ್ಕೆ ಜರತಾರಯ್ಯನವರ ಮೂಗು ಕನ್ನಡಿಯಲ್ಲಿ ಸೊಟ್ಟಗಾಯಿತು. ಅಂದೇ ಮೇಲಿನವರ ಸಭೆ ಸೇರಿ, ಇದು ಶಾಂತಿಭಂಗವೆಂದು ತೀರ್ಮಾನಿಸಿತು. ಇನ್ನು ಮುಂದೆ ತಳದವರು ಮೇಲೆ ಬರಬೇಕಾದರೆ ಮಿಣುಕಪ್ಪನನ್ನು ಕೇಳಬೇಕು. ಮಿಣುಕಪ್ಪ ಮೇಲಿನವರನ್ನು ಕೇಳಬೇಕು. ಮೇಲಿನವರು ಪುರುಸೊತ್ತಾದಾಗ ಯೋಚಿಸುತ್ತಾರೆ.

"ನಾವು ಮೆರೆಯಾಕೆ ಬರಾಕಿಲ್ಲ ಬುದ್ಧೀ, ಉಸಿರಿಗೆ ಬತ್ತೀವಿ," ಎಂದಳು ಹೊನ್ನವ್ವ.

ಜರತಾರಯ್ಯನವರು ನಕ್ಕರು. ಇದೇ ನೀರಿನಲ್ಲಿ ತಮಗೆಲ್ಲ ಬೇಕಾದಷ್ಟು ಉಸಿರಿರುವಾಗ ಇವರಿಗೆ ಮಾತ್ರ ಸಾಲದೆ ಹೋಗುವುದೆಂದರೆ ದುರಾಸೆಯಲ್ಲದೆ ಮತ್ತೇನು ಎಂದು ಸಭೆಯನ್ನು ಕೇಳಿದರು. ಸಭೆ ಹೌದೌದು ಎಂದಿತು.

ಅಂದಿನಿಂದ ಚೆನ್ನಿಗೆ ದಮ್ಮು ಕಟ್ಟಿದಾಗಲೆಲ್ಲ ಹೊನ್ನವ್ವ ನಡುನೀರಿಗೆ ಹೋಗಿ ನಿಲ್ಲಬೇಕಾಯಿತು. ಮಿಣುಕಪ್ಪ ಅವಳನ್ನು ತಲೆಯಿಂದ ಬಾಲದವರೆಗೆ ಒಮ್ಮೆ ನೋಡಿ, "ಏನವಸರ? ನಾಳೆ ಬಾ," ಎನ್ನುತ್ತಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಕೊಡುತ್ತಿರಲಿಲ್ಲ ಎಂಬುದೊಂದೇ ಸಮಾಧಾನ. ಉಸಿರಿಗೆ ನಾಳೆ ಎಂಬುದಿಲ್ಲವೆಂದು ಮಿಣುಕಪ್ಪನಿಗೆ ತಿಳಿಯದೆ ಏನಲ್ಲ. ಕಟ್ಟಿದ್ದು ಅವನ ಉಸಿರಲ್ಲವಲ್ಲ. ಅಪ್ಪಣೆಯಿಲ್ಲದೆ ಹಾರಿದವರ ಬಾಲವನ್ನು ಏಂಜೆಲ್ ಹುಡುಗರು ಕಚ್ಚಿ ಹರಿದರು. ಚೆನ್ನಿ ಮರಳಿನ ಮೇಲೆ ಓರೆಯಾಗಿ ಒರಗಿ ದಾರಿ ಕಾಯುತ್ತಿದ್ದಳು, ಅಜ್ಜಿಯ ಮುಖ ಕಂಡೊಡನೆ, "ನಾಳೆ ಬಾ ಅಂದ್ನಾ?" ಎಂದು ತಾನೇ ಕೇಳುತ್ತಿದ್ದಳು.

ಇನ್ನು ತೊಟ್ಟಿಯ ಹೊರಗಿನ ಸಂಗತಿ. ಗಲ್ಲಾದಲ್ಲಿ ಕೂರುವ ಹೋಟೆಲ್ ಯಜಮಾನರಿಗೆ ಸಾರಿಗೆ ಹೊಯ್ಯುವ ನೀರೊಂದು ಬಿಟ್ಟರೆ ಬೇರೆ ನೀರಿನ ವಿಷಯ ಗೊತ್ತಿರಲಿಲ್ಲ. ಮೀನಿನ ಅಂಗಡಿಯವನು ಅವರಿಗೆ ಒಂದೇ ಒಂದು ಗುಟ್ಟು ಹೇಳಿಕೊಟ್ಟಿದ್ದ: ಮೀಸೆಯವು ಮೇಲೆ ಕೆಳಗೆ ಓಡಾಡುವುದು ಹೆಚ್ಚಾದರೆ ನೀರು ಕೆಟ್ಟಿದೆಯೆಂದು ತಿಳಿದು ಬದಲಾಯಿಸಬೇಕು. ಈಗ ಮೀಸೆಯವರ ಓಡಾಟವೇ ನಿಂತಿತ್ತು. ಆಹಾ, ನೀರು ಎಷ್ಟು ಚೆನ್ನಾಗಿದೆ ಎಂದುಕೊಂಡು ಯಜಮಾನರು ಹಾಯಾಗಿದ್ದರು.

ನೀರು ಮೆಲ್ಲಗೆ ಕೆಟ್ಟಿತು. ಬೇಕಾದಷ್ಟು ಉಸಿರಿದ್ದ ಮೇಲಿನವರೆಲ್ಲ ಒಬ್ಬೊಬ್ಬರಾಗಿ ನೆತ್ತಿಗೆ ಬಂದು ಬಾಯಿ ಬಾಯಿ ಬಿಡತೊಡಗಿದರು. ಊಟಕ್ಕೆ ಬಂದವರೊಬ್ಬರು ಅದನ್ನು ಕಂಡು, ಪಾಪ ಹಸಿದಿವೆ ಎಂದರು. ಯಜಮಾನರು ಧಾರಾಳಿಗಳು, ಇನ್ನೊಂದು ಹಿಡಿ ಆಹಾರ ಸುರಿದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ತಿನ್ನುವವರಿಲ್ಲದೆ ಅದೆಲ್ಲ ಕೊಳೆತು ನೀರು ಇನ್ನಷ್ಟು ನಾರಿತು. ಮೀಸೆಯವು ತಳದಲ್ಲಿ ತಣ್ಣಗಿವೆ, ನೀರಿಗೇನೂ ಆಗಿಲ್ಲ ಎಂದು ಯಜಮಾನರು ಗಿರಾಕಿಗೆ ಹೇಳಿದ್ದು, ನೆತ್ತಿಯಲ್ಲಿ ಬಾಯಿ ಬಿಡುತ್ತಿದ್ದ ಜರತಾರಯ್ಯನವರ ಕಿವಿಗೆ ಬಿತ್ತು.

ಮಿಣುಕಪ್ಪ ಹುಟ್ಟಿದ ಮೇಲೆ ಮೊದಲ ಸಲ ಮರಳಿನವರೆಗೆ ಇಳಿದು ಬಂದ. ಎಲ್ಲರೂ ಈಗಿಂದೀಗಲೇ ಹಾರಬೇಕಂತೆ, ಮೇಲಿನ ಅಪ್ಪಣೆಯಾಗಿದೆಯಂತೆ. ಏನವಸರ ಎಂದು ಕೇಳಲು ಹೊನ್ನವ್ವನಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವಳು ಕೇಳಲಿಲ್ಲ. ಚೆನ್ನಿಯ ಕಣ್ಣು ಆಗಲೇ ಮಂಕಾಗಿತ್ತು. ಅವಳನ್ನು ಮೂತಿಯಿಂದ ನೂಕಿಕೊಂಡೇ ಮೇಲೇರಿದಳು. ಹಿಂದೆಯೇ ಇಡೀ ಗುಂಪು ಹಾರಿತು. ಯಜಮಾನರು ಗಾಬರಿಯಿಂದ ಎದ್ದು ಬಕೆಟ್ ತರಿಸಿ ನೀರು ಬದಲಾಯಿಸಿದರು. ಚೆನ್ನಿ ಉಳಿದುಕೊಂಡಳು.

ಮರುದಿನ ಸಭೆ. ತಮ್ಮ ಸಕಾಲಿಕ ತೀರ್ಮಾನದಿಂದ ತೊಟ್ಟಿ ಉಳಿಯಿತೆಂದು ಜರತಾರಯ್ಯನವರು ಸ್ವತಃ ತಿಳಿಸಿದರು. ಆದರೂ ಹೆದರಿಕೆ ಇಳಿದಿರಲಿಲ್ಲ. ಇನ್ನು ಮುಂದೆ ಮೇಲೆ ಹಾರುವುದು ತಳದವರ ಕುಲಕಸುಬು, ಒಂದು ಗಳಿಗೆಯೂ ನಿಲ್ಲಿಸಕೂಡದು, ನಿಲ್ಲಿಸಿದರೆ ತಕ್ಕ ಶಾಸ್ತಿ ಎಂದು ಕಟ್ಟಪ್ಪಣೆ ಮಾಡಿದರು.

"ನಮ್ಗೇ ಉಸಿರು ಬೇಕಾದಾಗ ಬುದ್ಧೀ?" ಎಂದು ಕೇಳಿದಳು ಹೊನ್ನವ್ವ.

"ಅದಕ್ಕೆ ಮೊದಲಿನ ಹಾಗೇ ಅಪ್ಪಣೆ ಕೇಳು."

ಹೊನ್ನವ್ವ ತಲೆಬಾಗಿಸಿ ಒಪ್ಪಿಕೊಂಡಳು. ಕೆಳಗೆ ಬಂದವಳೇ ಮೊದಲ ಸರದಿಯನ್ನು ಚೆನ್ನಿಗೆ ಕೊಟ್ಟಳು. ಎರಡನೆಯದನ್ನೂ ಅವಳಿಗೇ ಕೊಟ್ಟಳು. ಉಳಿದವರೂ ಕರ್ತವ್ಯಕ್ಕೆ ಚ್ಯುತಿ ಬಾರದಂತೆ ಹಾರಿದರು. ಅಷ್ಟು ವಿಧೇಯ ಪ್ರಜೆಗಳು ಯಾವ ರಾಜ್ಯದಲ್ಲೂ ಇರಲಿಕ್ಕಿಲ್ಲ. ಕರ್ತವ್ಯದ ಗಾಳಿ ಕುಡಿದು ಕುಡಿದು ಚೆನ್ನಿ ಗುಂಡಗುಂಡಗಾದಳು, ಮೀಸೆಯೂ ಚಿಗುರಿತು.

ಇತ್ತ ನೀರು ಬದಲಾಯಿಸಿ ಬದಲಾಯಿಸಿ ಯಜಮಾನರ ರಟ್ಟೆ ಬಿದ್ದುಹೋಯಿತು. ಕೊನೆಗೆ ಮೀನಿನ ಅಂಗಡಿಯವನನ್ನು ಕರೆಸಿದರು. ಅವನು ತೊಟ್ಟಿಯನ್ನು ಸುತ್ತಿ ನೋಡಿ, ಜಾಗಕ್ಕಿಂತ ಜೀವ ಹೆಚ್ಚಾಗಿದೆ, ದೊಡ್ಡವು ಇರೋ ಉಸಿರನ್ನೆಲ್ಲ ಎಳೆದುಕೊಳ್ಳುತ್ತವೆ, ಚಿಕ್ಕವು ಪಾಪ ಒದ್ದಾಡುತ್ತಿವೆ, ದೊಡ್ಡವನ್ನು ತೆಗೆದುಬಿಡಿ ಎಂದ. ಮೇಲಿನಿಂದ ಬಲೆ ಇಳಿಯಿತು. ತಮ್ಮ ಸೇವೆಗೆ ಕೊನೆಗೂ ಸನ್ಮಾನವಾಗುತ್ತಿದೆ ಎಂದುಕೊಂಡ ಜರತಾರಯ್ಯನವರು ರೆಕ್ಕೆ ಸರಿಮಾಡಿಕೊಂಡು ತಾವೇ ಅದರೊಳಗೆ ಹೋಗಿ ಕೂತರು. ನೀರಿನಾಚೆ ಅವರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸುತ್ತ ಬೇಕಾದಷ್ಟು ಗಾಳಿಯಿತ್ತು. ಅವರ ಬಂಧುಬಳಗವೂ ಅದೇ ಬಲೆಯಲ್ಲಿ ಹೋಯಿತು.

ಮೇಲ್ನೀರು ಬರಿದಾಯಿತು. ಮಿಣುಕಪ್ಪನ ಕಡೆಯವರು ಕೆಲಕಾಲ ಅಭ್ಯಾಸಬಲದಿಂದ ಮೇಲೆ ನೋಡಿ ತಲೆಯಾಡಿಸಿದರು. ಅಲ್ಲಿ ಯಾರೂ ಇರಲಿಲ್ಲ. ತಲೆಯಾಡಿಸಲು ಯಾರೂ ಇಲ್ಲದಿದ್ದರೆ ಬದುಕುವುದು ಹೇಗೆಂದು ಅವರಿಗೆ ದಿಗಿಲಾಯಿತು. ಕೊನೆಗೆ ಮಿಣುಕಪ್ಪ ಮರಳಿಗಿಳಿದು, ಮೈ ಹಿಡಿಮಾಡಿಕೊಂಡು, "ಅವ್ವಾ, ನಾವೊಂದಿಷ್ಟು ಮೇಲಿನ ನೀರಿಗೆ ಹೋಗಿಬರಬಹುದಾ?" ಎಂದು ಹೊನ್ನವ್ವನನ್ನು ಕೇಳಿದ.

ಹೊನ್ನವ್ವನಿಗೆ ನಗು ಬಂತು. ಅಯ್ಯೋ ಮಂಕೇ, ನೀರಿಗೆ ಯಾರಪ್ಪಣೆಯೋ, ಹೋಗು ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಚೆನ್ನಿ ಅಜ್ಜಿಯನ್ನು ದಾಟಿ ಮುಂದೆ ಬಂದು ನಿಂತಳು. ಮಿಣುಕಪ್ಪನನ್ನು ತಲೆಯಿಂದ ಬಾಲದವರೆಗೆ ಒಮ್ಮೆ ನೋಡಿದಳು. ಮೀಸೆಯನ್ನು ಮೆಲ್ಲಗೆ ಕುಣಿಸಿದಳು.

"ಏನವಸರ? ನಾಳೆ ಬಾ."

ಅಂದು ನೀರು ತಿಳಿಯಾಗಿತ್ತು. ಆದರೂ ಹೊನ್ನವ್ವನಿಗೆ ಉಸಿರು ಕಟ್ಟಿತು.